ಬಿಟ್ಟುಹೋಗುವವರು ಏನು ಬಿಟ್ಟುಹೋಗಬೇಕು?

ಪರದೇಶದ ಹಳ್ಳಿಯೊಂದರಲ್ಲಿ ಎರಡು ವರ್ಷ ಆರೋಗ್ಯಸೇವೆ ಮಾಡಿ, ಇನ್ನೇನು ಹಿಂದಿರುಗಬೇಕೆನ್ನುವ ಸ್ವಯಂಸೇವಕನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಏನು ಕಲಿತೆ?" ಉತ್ತರವೂ ಹೆಚ್ಚುಕಡಿಮೆ ಒಂದೇ. ತಾಳ್ಮೆ ಕಲಿತೆ, ಸರಳವಾಗಿ ಬದುಕುವುದನ್ನು ಕಲಿತೆ, ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು. ಕೇಳಿದವರ ಕಣ್ಣು ತೇವವಾಗುತ್ತದೆ. ನನಗಾದರೋ ಈ ಕೊನೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ಇರಿಸುಮುರಿಸಾಗುತ್ತದೆ. ಕೊಡಲೆಂದು ಹೋದವನು ಪಡೆದದ್ದೇ ಹೆಚ್ಚಾಗಿದ್ದರೆ ಅದನ್ನು ಹೆಮ್ಮೆಯಿಂದ ಸಾರಬೇಕೆ, ತೀರಿಸಬೇಕಾದ ಸಾಲವೆಂದು ಬರೆದಿಡಬೇಕೆ?

ಸೇವೆಗೆ ಹೋದವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಲಿಲಿಯನ್ ಕಾರ್ಟರ್ ಅವರನ್ನು ನೆನೆಯೋಣ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಈಕೆ. 1966ರಲ್ಲಿ, 68ನೆಯ ವಯಸ್ಸಿನಲ್ಲಿ, ಪೀಸ್ ಕೋರ್ ಸಂಸ್ಥೆಯ ನರ್ಸಾಗಿ ಮುಂಬಯಿಯ ವಿಕ್ರೋಲಿಗೆ ಬಂದು 1968ರವರೆಗೆ ಇದ್ದರು. ಆ ವಯಸ್ಸಿನಲ್ಲಿ ನಮ್ಮಲ್ಲಿ ಎಷ್ಟು ಮಂದಿ ಅಂಥ ಕೆಲಸಕ್ಕೆ ಹೊರಟಾರು? ಆಕೆಯ ಶ್ರದ್ಧೆಗೆ ಯಾರೂ ತಲೆಬಾಗಬೇಕು. ಆದರೆ ಅಲ್ಲಿಂದ ಮನೆಯವರಿಗೆ ಬರೆದ ಕಾಗದಗಳು 1977ರಲ್ಲಿ ಪುಸ್ತಕವಾದಾಗ ಅದು ಇಂಗ್ಲಿಷಿನಲ್ಲಿತ್ತು. ಅಮೆರಿಕದ ಓದುಗರಿಗಾಗಿ ಇತ್ತು. ಇದು ಆಕೆಯ ತಪ್ಪಲ್ಲ, ಪದ್ಧತಿಯ ತಪ್ಪು. ಆ ಪದ್ಧತಿ ಇಂದಿಗೂ ಬದಲಾಗಿಲ್ಲವೆಂಬುದೇ ನನ್ನ ತಕರಾರು.

1961ರಲ್ಲಿ ಹುಟ್ಟಿದ ಈ ಸಂಸ್ಥೆ ಭಾರತದಿಂದ 1976ರಲ್ಲಿ ಹೊರಟಿತು. ಆಫ್ರಿಕದ ಮಲಾವಿಯಲ್ಲಿ, ನಡುವೆ ಕೆಲವು ವರ್ಷ ಬಿಟ್ಟರೆ, 1963ರಿಂದ ಅದರ ಸ್ವಯಂಸೇವಕರು ದುಡಿದಿದ್ದಾರೆ. ಮೊದಲು ಸುಮಾರು ಮೂರು ತಿಂಗಳ ತರಬೇತಿ. ಆಮೇಲೆ ಎರಡು ವರ್ಷದ ಸೇವೆ. ಹಳ್ಳಿಯ ಆರೋಗ್ಯದ ನಿಜವಾದ ಭಾರ ಹೊತ್ತವನು ಈ ಅತಿಥಿಯಲ್ಲ. ಸರಕಾರದ ಆರೋಗ್ಯ ನಿಗಾ ಸಹಾಯಕ. ಸಾವಿರ ಜನಕ್ಕೊಬ್ಬ ಎಂಬುದು ಸರಕಾರದ ಗುರಿ. ಲಸಿಕೆ, ಮಲೇರಿಯಾ, ಮಕ್ಕಳ ತೂಕ, ಕುಡಿಯುವ ನೀರು ಎಲ್ಲವೂ ಅವನ ತಲೆಯ ಮೇಲೆಯೇ. ಅತಿಥಿ ಹೋಗುತ್ತಾನೆ, ಅವನು ಉಳಿಯುತ್ತಾನೆ.

ಸ್ವಯಂಸೇವಕನಿಗೆ ಈ ಎರಡು ವರ್ಷದಲ್ಲಿ ದಕ್ಕುವ ನಿಜವಾದ ಸಂಪತ್ತು ಯಾವುದು? ನಾನು ಭಾಷೆಯ ಮೇಷ್ಟರು; ಭಾಷೆಯೆಂದೇ ಹೇಳುತ್ತೇನೆ. ಮಲಾವಿಯ ಚಿಚೇವ ಭಾಷೆಯಲ್ಲಿ 'ಮಲುಂಗೊ' ಎಂಬ ಮಾತುಂಟು. ಕರಪತ್ರ ಬರೆಯುವವರು ಅದನ್ನು ಮಲೇರಿಯಾ ಎಂದು ಅನುವಾದಿಸುತ್ತಾರೆ. ಹಳ್ಳಿಯವರ ಬಾಯಲ್ಲಿ ಅದು ಹಲವು ಬಗೆಯ ಜ್ವರಕ್ಕೆ ಹೆಸರು. ಸೊಳ್ಳೆಯಿಂದ ಬರುವುದು ಅವುಗಳಲ್ಲಿ ಒಂದು. ನಮ್ಮವರು 'ನಂಜು' ಎನ್ನುವುದಿಲ್ಲವೆ? ಅದಕ್ಕೆ ಒಂದೇ ಇಂಗ್ಲಿಷ್ ಪದ ಹುಡುಕಿ ನೋಡಿ! ಸೊಳ್ಳೆಪರದೆ ಕಟ್ಟಿದರೆ ಮಲುಂಗೊ ಬಾರದು ಎಂದು ಸಾರಿದಿರಿ ಎನ್ನಿ. ಪರದೆಯೊಳಗೆ ಮಲಗಿದ ತಾಯಿಗೆ ಬೇರೊಂದು ಜ್ವರ ಬಂದರೆ, ಪರದೆಯೂ ಸುಳ್ಳು, ನೀವೂ ಸುಳ್ಳು ಎಂದು ಅವಳು ತೀರ್ಮಾನಿಸಿದರೆ ಯಾರ ತಪ್ಪು?

ಅದೇ ದೇಶದಲ್ಲಿ ಗರ್ಭಿಣಿಯರು ಕ್ಲೋರೋಕ್ವಿನ್ ಮಾತ್ರೆಯನ್ನು ಏಕೆ ನುಂಗುವುದಿಲ್ಲವೆಂದು ಹಿಂದೊಮ್ಮೆ ವಿದ್ವಾಂಸರು ಕೂತು ಮಾತಾಡಿಸಿ ಕೇಳಿದರು. ಕಹಿಮದ್ದು ಗರ್ಭ ಇಳಿಸುತ್ತದೆಂಬ ಭಯವೇ ಕಾರಣವೆಂದು ಗೊತ್ತಾಯಿತು. ಸೋಮಾರಿತನವಲ್ಲ, ಅಜ್ಞಾನವೆಂದು ತಳ್ಳಿಹಾಕುವಂಥದೂ ಅಲ್ಲ. ಮಗುವನ್ನು ಉಳಿಸಿಕೊಳ್ಳುವ ತಾಯಿಯ ಎಚ್ಚರ. ಅಂಕಿಅಂಶದ ಕಲಮುಗಳಲ್ಲಿ ಇಂಥದು ಸಿಕ್ಕುವುದಿಲ್ಲ. ಬಾವಿಕಟ್ಟೆಯ ಬಳಿ ಕೂತು, ನುಡಿ ಕಲಿತು, ನಗೆಪಾಟಲಾಗಿ, ಮತ್ತೆ ಕೂತವನಿಗೆ ಸಿಕ್ಕುತ್ತದೆ. ಅಷ್ಟು ಹೊತ್ತಿಗೆ ಅವನ ಅವಧಿ ಮುಗಿದಿರುತ್ತದೆ.

ಆಗ ನಡೆಯುವುದೇನು? ಅವಧಿ ಮುಗಿಯಲು ಸುಮಾರು ಮೂರು ತಿಂಗಳಿರುವಾಗ ಒಂದು ಸಮ್ಮೇಳನ. ಮಾಡಿದ ಸೇವೆಯ ವಿವರ ಇಂಗ್ಲಿಷಿನಲ್ಲಿ. ಅದು ಮುಂದಿನ ನೌಕರಿಗೆ ನೆರವಾಗುವ ಕಾಗದ. ಊರಿಗೆ ಹೋಗಿ ಮತ್ತೆ ಹೊಂದಿಕೊಳ್ಳಲೆಂದು ಭತ್ಯವೂ ಉಂಟು. ಇರಲಿ, ಬೇಡವೆನ್ನುವುದಿಲ್ಲ. ಆದರೆ ಹೋಗುವವನು ಹೊಂದಿಕೊಳ್ಳುವುದಕ್ಕೆ ಇಷ್ಟು ಏರ್ಪಾಡಾದರೆ, ಉಳಿದವರು ಹೊಂದಿಕೊಳ್ಳುವುದಕ್ಕೆ ಏನು? ಮುಂದಿನ ಅತಿಥಿ ಬಂದು 'ಮಲುಂಗೊ' ಎಂದರೇನೆಂದು ಮೊದಲಿನಿಂದ ಕೇಳಬೇಕು. ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದ ಹಾಗಾಯಿತು.

ಅವಧಿಯನ್ನು ಹೆಚ್ಚಿಸಿದರೆ ಸಾಲದೆ ಎನ್ನುವವರುಂಟು. ಸಾಲದು. ಹತ್ತು ವರ್ಷ ಇದ್ದವನೂ ಒಂದು ದಿನ ಹೋಗುತ್ತಾನೆ. ಅವನ ತಲೆಯಲ್ಲಿದ್ದದ್ದು ಅವನೊಡನೆ ಹೋಗುತ್ತದೆ. ಸಹಾಯಕನಿಗೆ ಅವನದೇ ಭಾಷೆಯನ್ನು ಪರಕೀಯನು ಕಲಿಸಬೇಕೆ ಎಂದು ಇನ್ನೊಂದು ಆಕ್ಷೇಪ. ಇದಕ್ಕೆ ಬಲವಿದೆ. ಸಹಾಯಕನಿಗೆ ಎಲ್ಲವೂ ಗೊತ್ತು, ನಿಜ. ಬರೆದಿಡೆಂದು ಅವನನ್ನು ಕೇಳಿದವರಾರು? ಆ ದೇಶದ ಆಡಳಿತ ನಡೆಯುವುದು ಇಂಗ್ಲಿಷಿನಲ್ಲಿ. ತಾಯಿನುಡಿಯಲ್ಲಿ ಕಂಡದ್ದಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲವೆಂಬುದನ್ನು ಕನ್ನಡಿಗರಿಗೆ ನಾನು ವಿವರಿಸಬೇಕಾಗಿಲ್ಲ. ಹೊರಗಿನವನ ಪ್ರಯೋಜನವಿರುವುದು ಇಲ್ಲಿಯೇ: ಒಳಗಿನವನು ಕೇಳಲೂ ಯೋಚಿಸದ ಪ್ರಶ್ನೆಯನ್ನು ಅವನು ಕೇಳುತ್ತಾನೆ. ಉತ್ತರವನ್ನು ಒಳಗಿನವನೇ ಬರೆಯಲಿ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕೊನೆಯ ಮೂರು ತಿಂಗಳಲ್ಲಿ ಹೊಸ ಯೋಜನೆ ಯಾವುದೂ ಬೇಡ. ಸ್ವಯಂಸೇವಕನೂ ಸಹಾಯಕನೂ ಕೂತು ಊರಿನ ಭಾಷೆಯಲ್ಲಿ ಒಂದು ನೋಟುಬುಕ್ಕು ಸಿದ್ಧಪಡಿಸಲಿ. ಜನ ಯಾವ ಬೇನೆಗೆ ಯಾವ ಮಾತು ಆಡುತ್ತಾರೆ, ಯಾವ ಉಪದೇಶ ಯಾರಿಗೂ ತಟ್ಟಲಿಲ್ಲ, ಯಾವ ವಾರ ಕರೆದ ಸಭೆಗೆ ಹೆಂಗಸರು ಬರಲಾರರು, ಯಾವ ಕೆಲಸ ಕೆಟ್ಟಿತು, ಏಕೆ ಕೆಟ್ಟಿತು. ರೋಗಿಗಳ ಹೆಸರು ಮಾತ್ರ ಬೇಡ. ಊರವರ ಮುಂದೆ ಅದನ್ನು ಓದಲಿ, ಅವರು ತಿದ್ದಲಿ. ತಿದ್ದಿದ ಪ್ರತಿ ಅಲ್ಲಿಯೇ ಉಳಿಯಲಿ.

ಕೊನೆಯ ವಾರದವರೆಗೆ ಮುಂದೂಡುವುದಂತೂ ಬೇಡ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಈ ಸಂಸ್ಥೆ 60ಕ್ಕೂ ಹೆಚ್ಚು ದೇಶಗಳಿಂದ ತನ್ನ ಸುಮಾರು 7,000 ಸ್ವಯಂಸೇವಕರನ್ನು ಒಮ್ಮೆಲೇ ಕರೆಸಿಕೊಂಡಿತು. ಅನೇಕರಿಗೆ ನೆರೆಯವರಿಗೆ ಹೋಗಿಬರುತ್ತೇನೆನ್ನುವಷ್ಟೂ ವೇಳೆ ಸಿಕ್ಕಲಿಲ್ಲ. ವಿದಾಯವು ತಪ್ಪಿದ್ದು ದುಃಖ. ಆದರೆ ಜಗತ್ತಿಗೇ ರೋಗ ಬಂದ ಆ ಗಳಿಗೆಯಲ್ಲಿ ಹಳ್ಳಿಯ ಸಹಾಯಕನ ಕೈಯಲ್ಲಿ ಒಂದು ಪುಟವಾದರೂ ಉಳಿದಿತ್ತೆ ಎಂಬುದು ಅದಕ್ಕಿಂತ ದೊಡ್ಡ ಮಾತು.

ಇನ್ನು ಮುಂದೆ ಹೀಗೆ ಹಿಂದಿರುಗಿದವರು ಯಾರಾದರೂ ಸಿಕ್ಕಿದರೆ, ಏನು ಕಲಿತೆಯೆಂದು ನಾನು ಕೇಳಲಾರೆ. ನಿನ್ನ ನೋಟುಬುಕ್ಕು ಈಗ ಯಾರ ಕೈಯಲ್ಲಿದೆ, ಅದು ಅವರಿಗೆ ಓದಲು ಬರುತ್ತದೆಯೆ ಎಂದು ಕೇಳುತ್ತೇನೆ.