ಬಿಟ್ಟು ಹೋಗುವವರ ಲೆಕ್ಕ

ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಕತೆಯನ್ನು ನಾಲ್ಕಕ್ಷರ ಕಲಿತ ನಾವು ನಾಗಮಂಗಲ ಸೀಮೆಯ ಒಂದು ಕೇರಿಯಲ್ಲಿ, ಜಗಲಿ ಮೇಲೆ ಕೂತು ಹೇಳಿದೆವು. 2016ರ ಜೂನ್ 23ರಂದು ಅಲ್ಲಿನ ಜನ ಓಟು ಹಾಕಿದರು. ನೂರಕ್ಕೆ 52 ಮಂದಿ ಬಿಡೋಣ ಅಂದರು. ಮೂರೂವರೆ ವರ್ಷ ಜಗಳ, ಮಾತುಕತೆ. ಇಬ್ಬರು ಪ್ರಧಾನಿಗಳು ಕುರ್ಚಿ ಬಿಟ್ಟರು. 2020ರ ಜನವರಿ 31ಕ್ಕೆ ದೇಶ ಹೊರಗೆ ಬಂತು. ಕೇಳುತ್ತಿದ್ದ ಹಿರೀಕರೊಬ್ಬರು ಬೀಡಿ ಆರಿಸಿ ಅಂದರು: "ಅಲ್ಲ ಕಣ್ರಪ್ಪಾ, ಬುಟ್ಟೋಯ್ತೀವಿ ಅಂದೋರ ಗುಡಿಸ್ಲಿಗೆ ಯಾರೂ ಬೆಂಕಿ ಇಕ್ನಿಲ್ವಾ?"

ನಾವು ನಕ್ಕೆವು. ಆಮೇಲೆ ನಗು ಗಂಟಲಲ್ಲೇ ನಿಂತಿತು. ಒಕ್ಕೂಟ ಬಿಡುವುದೆಂದರೇನೆಂದು ನಮಗಿಂತ ಆ ಮುದುಕನಿಗೆ ಚೆನ್ನಾಗಿ ಗೊತ್ತು. ನಾವೂ ಒಂದು ಒಕ್ಕೂಟದಲ್ಲಿದ್ದೇವೆ. ಅದರ ಹೆಸರು ಊರು.

ಐರೋಪ್ಯ ಒಪ್ಪಂದದಲ್ಲಿ 50ನೇ ವಿಧಿ ಅಂತ ಒಂದಿದೆ. ಬಿಡುವವರು ನೋಟೀಸು ಕೊಡಬೇಕು, ಎರಡು ವರ್ಷ ಕೂತು ಮಾತಾಡಬೇಕು. ಊರೆಂಬ ಒಕ್ಕೂಟಕ್ಕೆ ಯಾವ ವಿಧಿ? ಸೇರುವಾಗ ನಮ್ಮನ್ನು ಕೇಳಿದವರು ಯಾರು? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜರು ನಮ್ಮವರಿಗೆ ತಿರುಕುಲದವರೆಂದು ಹೆಸರಿಟ್ಟು ಗುಡಿಯೊಳಗೆ ಬಿಟ್ಟರಂತೆ. ಇವತ್ತಿಗೂ ಅದನ್ನು ಹೊಗಳುತ್ತಾರೆ. ಬಿಟ್ಟಿದ್ದು ವರ್ಷಕ್ಕೆ ಮೂರು ದಿನ! ಮಿಕ್ಕ 362 ದಿನದ ಮಾತನ್ನು ಯಾರೂ ಎತ್ತುವುದಿಲ್ಲ.

ಒಪ್ಪಂದದ ರುಚಿ ಶ್ರೀರಂಗಪಟ್ಟಣದ ಮಣ್ಣಿಗೆ ಹೊಸದಲ್ಲ. 1792ರಲ್ಲಿ ಬ್ರಿಟಿಷರ ಕಂಪನಿ, ಮರಾಠರು ಮತ್ತು ನಿಜಾಮ ಸೇರಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಬರೆಸಿಕೊಂಡರು. ಅವನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡರು. 1947ರ ಆಗಸ್ಟ್‌ನಲ್ಲಿ ಬ್ರಿಟಿಷರು ಹೊರಡುವಾಗ ಮೈಸೂರಿನ ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರ ಬೇಕೆಂದು ಜನ 'ಮೈಸೂರು ಚಲೋ' ಹೊರಟರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮೇಲೆ ಇಷ್ಟೆಲ್ಲ ಸಹಿ ಬದಲಾದರೂ ಕೆಳಗೆ ತೋಟಿಯ ಮಗ ತೋಟಿಯೇ ಆಗಿದ್ದ. ವಂಶಪಾರಂಪರ್ಯದ ಆ ಚಾಕರಿ ಕಾಗದದ ಮೇಲೆ ರದ್ದಾಗಲು 1961ರ ಕಾಯ್ದೆ ಬರಬೇಕಾಯಿತು.

ನಮ್ಮ ಪರವಾಗಿ ಬಿಡುಗಡೆಯ ನೋಟೀಸು ಕೊಟ್ಟವರು ಒಬ್ಬರೇ, ಬಾಬಾಸಾಹೇಬರು. ಹಿಂದೂವಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಯೇವಲಾದಲ್ಲಿ ಸಾರಿದರು. 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ಪರಿಶಿಷ್ಟರಿಗೆ ಪ್ರತ್ಯೇಕ ಹಳ್ಳಿಗಳೇ ಬೇಕೆಂಬ ಠರಾವಾಯಿತು. ಕಡೆಗೆ 1956ರ ಅಕ್ಟೋಬರ್ 14ರಂದು ಅದೇ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಹೊರನಡೆದರು. ಎರಡು ವರ್ಷವಲ್ಲ, 21 ವರ್ಷ ಕಾದರು. ಎದುರಿಗೆ ಕೂತು ಮಾತಾಡಲು ಯಾವ ಊರು ಬಂತು?

"ಊರು ಒಡೀಬೇಡಿ ಕಣ್ರೋ" ಎಂದು ಬುದ್ಧಿ ಹೇಳುವವರೇ, ಕೇರಿಯನ್ನು ಊರಾಚೆ ಇಟ್ಟವರು ಯಾರು? ಕೆ.ಆರ್. ಪೇಟೆಯಲ್ಲಾಗಲಿ, ನಾಗಮಂಗಲದಲ್ಲಾಗಲಿ, ತಮಟೆ ಬಡಿಯೊಲ್ಲ, ಸತ್ತ ದನ ಹೊರೊಲ್ಲ ಅಂತ ನಾಳೆ ನಾವಂದರೆ ಅಂಗಡಿಯಲ್ಲಿ ಉಪ್ಪು ಸಿಗುತ್ತದೆಯೇ? ಗದ್ದೆಯಲ್ಲಿ ಕೂಲಿ ಸಿಗುತ್ತದೆಯೇ? ಬಿಡುವ ಮೊದಲೇ ಬಹಿಷ್ಕಾರ!

ನಮ್ಮದೂ ತಪ್ಪಿದೆ. ಡಿಗ್ರಿ ಸಿಕ್ಕೊಡನೆ ಬೆಂಗಳೂರು ಬಸ್ಸು ಹತ್ತಿ, ಬಿಡುಗಡೆಯಾಯಿತು ಅಂದುಕೊಂಡೆವು. ಅವ್ವ ಇನ್ನೂ ಅಲ್ಲೇ ನಾಟಿಗೆ ಬಗ್ಗಿದ್ದಾಳೆ. ಒಬ್ಬೊಬ್ಬರೇ ಓಡಿಹೋದರೆ ಒಕ್ಕೂಟಕ್ಕೆ ಏನೂ ನಷ್ಟವಿಲ್ಲ.

ಬ್ರಿಟನ್ ಹೊರಡುವಾಗ ಒಕ್ಕೂಟ ಹಳೇ ಬಾಕಿ ಕೇಳಿತು. ಸುಮಾರು 3,900 ಕೋಟಿ ಪೌಂಡಾಗಬಹುದೆಂದು ಬ್ರಿಟನ್ ಸರ್ಕಾರವೇ ಅಂದಾಜು ಮಾಡಿತು. ನಾವೂ ಲೆಕ್ಕಕ್ಕೆ ಸಿದ್ಧ. ತನ್ನಿ ಪುಸ್ತಕ. ತಲೆತಲಾಂತರದ ಬಿಟ್ಟಿ ಚಾಕರಿಗೆ ಕೂಲಿ ಎಷ್ಟು? ಹೊತ್ತ ಹೆಣಕ್ಕೆಷ್ಟು? ಸಾಲಕ್ಕೆ ಬರೆಸಿಕೊಂಡ ದರ್ಖಾಸ್ತು ಜಮೀನಿಗೆಷ್ಟು? ಸರ್ಕಾರ ಕೊಟ್ಟ ಆ ಜಮೀನನ್ನು ಪರಭಾರೆ ಮಾಡಬಾರದೆಂದು 1978ರಲ್ಲೇ ಕಾಯ್ದೆ ಬಂತು. ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಇನ್ನೇತಕ್ಕೆ ತಡ?

ಮಣ್ಣು ಬಿಟ್ಟು ನಾವೆಲ್ಲಿಗೂ ಹೋಗುವುದಿಲ್ಲ. ಕಟ್ಟುಪಾಡು ಬಿಡುತ್ತೇವೆ, ಬಾಕಿ ವಸೂಲು ಮಾಡಿಕೊಂಡೇ ಬಿಡುತ್ತೇವೆ. ಹಿರೀಕರೇ, ಬೆಂಕಿ ಇಕ್ಕಲು ಬರುವವರು ಬರಲಿ. ಈ ಸಲ ಜಗಲಿ ಮೇಲೆ ನಾವೂ ಇರುತ್ತೇವೆ.