ಏಳು ದಿನದ ಕೂಸಿಗೆ ಫೋಟೊಶೂಟ್!

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಅಕ್ಕನ ಮೊಮ್ಮಗಳದ್ದು. ಎರಡೂ ಅಂಗೈಗಳ ಮೇಲೆ ಗಲ್ಲ ಊರಿಕೊಂಡು, ತಲೆಗೊಂದು ಉಣ್ಣೆಯ ಕರಡಿ ಟೋಪಿ ಹಾಕಿಕೊಂಡು, ಸಂಸಾರದ ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಕೂಡಿಸುತ್ತಿರುವ ಯಜಮಾನಿಯ ಹಾಗೆ ಕಣ್ಣು ಮುಚ್ಚಿ ಕುಳಿತಿದೆ ಕೂಸು. ಐದು ನಿಮಿಷದಲ್ಲಿ ಹಾರ್ಟುಗಳ ಮಳೆ. "ಸೋ ಕ್ಯೂಟ್", "ಮೊದ್ಲು ದೃಷ್ಟಿ ತೆಗೀರಿ"... ಮೈಸೂರಿನ ಅತ್ತಿಗೆಯಂತೂ "ಏಳು ದಿನಕ್ಕೇ ಕತ್ತು ನಿಂತುಬಿಟ್ಟಿದೆಯಲ್ರೀ!" ಅಂತ ಬರೆದರು.

ಕತ್ತು ನಿಂತಿರಲಿಲ್ಲ. ನಿಲ್ಲಿಸಿದವರು ಬೇರೆಯವರು. ಅವತ್ತು ಆ ಸ್ಟುಡಿಯೊದಲ್ಲಿ ಬ್ಯಾಗು, ಫ್ಲಾಸ್ಕು, ಡೈಪರ್ ಹಿಡಿದುಕೊಂಡು ನಾಲ್ಕು ಗಂಟೆ ನಿಂತಿದ್ದವಳು ನಾನು. ಹಾಗಾಗಿ ಬೆಡಗಿನ ಆ ಫೋಟೊದ ಹಿಂದೆ ಏನೇನು ನಡೆಯಿತು ಅಂತ ನಿಮಗೆ ಹೇಳಲೇಬೇಕು ಅನಿಸಿತು. ನಿಮ್ಮ ಮನೆಯಲ್ಲೂ ಮಗಳೋ ಸೊಸೆಯೋ ಏಳನೇ ತಿಂಗಳಲ್ಲೇ ಸ್ಟುಡಿಯೊ ಬುಕ್ ಮಾಡಿ ಕುಳಿತಿರಬಹುದು. ಈಗ ಸೀಮಂತದ ಬಳೆಯ ಜೊತೆಗೇ ಇದರ ಪ್ಯಾಕೇಜೂ ಮಾತಾಡಿಕೊಳ್ಳುವ ಕಾಲ.

ಕಳೆದ ಡಿಸೆಂಬರ್. ಬೆಂಗಳೂರಿನ ಚಳಿ. ಹೆರಿಗೆಯಾಗಿ ಏಳನೇ ದಿನ, ಸಿಸೇರಿಯನ್ ಹೊಲಿಗೆಯ ಉರಿ ಇನ್ನೂ ಆರದ ಬಾಣಂತಿಯನ್ನು ಕಾರು ಹತ್ತಿಸುವಾಗ ಅಕ್ಕನ ಮುಖ ನೋಡಬೇಕಿತ್ತು. "ನಮ್ಮಮ್ಮ ಮೂರು ತಿಂಗಳು ಹೊಸ್ತಿಲು ದಾಟಿಸಿರಲಿಲ್ಲ ಕಣೆ. ಇಲ್ಲಿ ನೋಡಿದ್ರೆ ಹೊಕ್ಕುಳ ಬಳ್ಳಿ ಕೂಡ ಬಿದ್ದಿಲ್ಲ" ಅಂತ ನನ್ನ ಕಿವಿಯಲ್ಲಿ ಗೊಣಗಿದಳು. ಮಗಳದ್ದು ಒಂದೇ ಮಾತು: "ಅಮ್ಮ, ಎರಡು ವಾರ ದಾಟಿದ್ರೆ ಆ ಪೋಸ್ ಬರಲ್ಲ."

ಅದೇನೂ ಸುಳ್ಳಲ್ಲ. ಹುಟ್ಟಿದ ಐದನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಅಂತ ಈ ಫೋಟೊಗ್ರಾಫರುಗಳು ಹೇಳುವುದಕ್ಕೆ ಕಾರಣವಿದೆ. ಹೊಟ್ಟೆಯೊಳಗೆ ಮಡಚಿಕೊಂಡಿದ್ದ ಅಭ್ಯಾಸ ಕೂಸಿಗೆ ಇನ್ನೂ ಹೋಗಿರುವುದಿಲ್ಲ, ಹೇಗೆ ಸುತ್ತಿದರೂ ಮುದ್ದೆಯಾಗಿ ಮಲಗುತ್ತದೆ. ನಿದ್ದೆಯೂ ಗಾಢ. ಆಮೇಲೆ ಕೈಕಾಲು ಚಾಚಲು ಶುರು, ಸಂಜೆಯ ಅಳು ಶುರು. ವಿಪರ್ಯಾಸ ಏನೆಂದರೆ ನಮ್ಮ ಹಿರಿಯರು ಬಾಣಂತಿ ಕೋಣೆಯ ಬಾಗಿಲು ಮುಚ್ಚಿಡುತ್ತಿದ್ದುದೂ ಸರಿಯಾಗಿ ಅದೇ ದಿನಗಳಲ್ಲಿ.

ಸ್ಟುಡಿಯೊ ಎಂದರೆ ಒಂದು ಲೇಔಟಿನ ಮನೆಯ ಮಹಡಿ. ಒಳಗೆ ಹೋದರೆ ಬೆವರು! ಹೀಟರ್ ಹಾಕಿ 28 ಡಿಗ್ರಿಗೆ ತಂದಿಟ್ಟಿದ್ದರು. ಅದು ಬೇಕು ಬಿಡಿ, ಬಟ್ಟೆ ಬಿಚ್ಚಿದ ನವಜಾತ ಶಿಶುವಿನ ಮೈ ಬೇಗ ತಣ್ಣಗಾಗುತ್ತದೆ. ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ 'ಶ್‌ಶ್‌ಶ್' ಅಂತ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಗರ್ಭದೊಳಗೆ ಕೇಳುವ ಸದ್ದಿನ ಹಾಗಂತೆ, ಮಗು ನಿದ್ದೆ ಹೋಗಲಿ ಅಂತ. "ಕುಕ್ಕರ್ ಆರಿಸೋಕೆ ಮರೆತಿದೀರೇನಮ್ಮಾ?" ಅಂತ ಅಕ್ಕ ಕೇಳಿಯೇಬಿಟ್ಟಳು. ಗೋಡೆ ತುಂಬ ಬುಟ್ಟಿ, ಮರದ ಬೋಗುಣಿ, ಪುಟ್ಟ ಮಂಚ, ನವಿಲುಗರಿ, ಕೊಳಲು, ಕಿರೀಟ. ಕೃಷ್ಣನ ಸೆಟ್ಟಿಗೆ ಬೇರೆ ದುಡ್ಡು.

ಈಗ ಆ ಗಲ್ಲದ ಕೆಳಗೆ ಕೈ ಇಟ್ಟ ಫೋಟೊದ ಗುಟ್ಟು. ಮಗುವನ್ನು ಮೆತ್ತನೆಯ ದೊಡ್ಡ ಬೀನ್ ಬ್ಯಾಗಿನ ಮೇಲೆ ಕಪ್ಪೆಯ ಹಾಗೆ ಕೂರಿಸುತ್ತಾರೆ. ಸಹಾಯಕಿ ನೆತ್ತಿಯನ್ನು ಮೇಲಿನಿಂದ ಹಗುರವಾಗಿ ಹಿಡಿದುಕೊಂಡಾಗ ಒಂದು ಫೋಟೊ. ಆಮೇಲೆ ಮುಂಗೈಗಳನ್ನು ಕೆಳಗಿನಿಂದ ಹಿಡಿದುಕೊಂಡಾಗ ಇನ್ನೊಂದು. ಎರಡನ್ನೂ ಕಂಪ್ಯೂಟರಿನಲ್ಲಿ ಸೇರಿಸಿ ಹಿಡಿದವರ ಕೈಗಳನ್ನು ಅಳಿಸಿಬಿಡುತ್ತಾರೆ. ಕೂಸು ಒಂದು ಕ್ಷಣ ಕೂಡ ತನ್ನ ತಲೆಯನ್ನು ತಾನು ಹೊತ್ತಿರುವುದಿಲ್ಲ, ಹೊರಲು ಆಗುವುದೂ ಇಲ್ಲ. ಮರದ ಕೊಂಬೆಗೆ ಜೋಲಿ ಕಟ್ಟಿ ಮಲಗಿಸಿದ ಹಾಗೆ ಕಾಣುವ ಫೋಟೊ ಇರುತ್ತದಲ್ಲ, ಅದೂ ಅಷ್ಟೆ. ಪಳಗಿದವರು ಮಗುವನ್ನು ಮೇಲೆ ತೂಗುಬಿಡುವುದಿಲ್ಲ. ಮಗು ನೆಲದ ಹಾಸಿಗೆಯ ಮೇಲೇ ಇರುತ್ತದೆ, ಕೊಂಬೆಯೂ ಗಂಟೂ ಆಮೇಲೆ ಬಂದು ಸೇರಿಕೊಳ್ಳುತ್ತವೆ.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು ಸುಮ್ಮನೆ ಅಲ್ಲ. ಇಂಥ ಫೋಟೊ ನೋಡಿದ ಎಷ್ಟೋ ಜನ "ಅಷ್ಟೇ ತಾನೆ, ನಾವೇ ಮಾಡೋಣ" ಅಂತ ಮನೆಯಲ್ಲಿ ಮೊಬೈಲ್ ಹಿಡಿದು, ಮಗುವಿನ ಗಲ್ಲದ ಕೆಳಗೆ ಅದರದೇ ಕೈ ಕೊಟ್ಟು, ಕೈ ಬಿಟ್ಟು ನೋಡುತ್ತಾರೆ. ಕತ್ತು ಮುಂದಕ್ಕೆ ಬಾಗಿದರೆ ಸಾಕು, ಅಷ್ಟು ಸಣ್ಣ ಮಗುವಿಗೆ ಉಸಿರಾಟದ ದಾರಿಯೇ ಇಕ್ಕಟ್ಟಾಗುತ್ತದೆ. ದಯವಿಟ್ಟು ಬೇಡ. ಸ್ಟುಡಿಯೊದವರೇ ಆದರೂ ಮಗುವಿನ ಮೇಲಿಂದ ಕೈ ತೆಗೆದು ಕ್ಲಿಕ್ ಮಾಡುವವರಾದರೆ ಎದ್ದು ಬನ್ನಿ. ಅಡ್ವಾನ್ಸ್ ಹೋದರೆ ಹೋಗಲಿ.

ಮಗುವನ್ನು ಹಿಡಿದುಕೊಂಡವರನ್ನು ಮರೆಮಾಡುವುದು ಈಗಿನ ಶೋಕಿಯೇನಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ಫೋಟೊ ತೆಗೆಯಲು ಎಷ್ಟೋ ಸೆಕೆಂಡು ಅಲುಗಾಡದೆ ಕೂರಬೇಕಿತ್ತು. ಮಕ್ಕಳು ಕೂರುತ್ತವೆಯೇ? ಅದಕ್ಕೆ ತಾಯಂದಿರು ತಲೆ ಮೇಲೆ ಬಟ್ಟೆ ಹೊದ್ದು, ಕುರ್ಚಿಯ ಹಾಗೆ ಕುಳಿತು, ತೊಡೆಯ ಮೇಲೆ ಮಗುವನ್ನು ಹಿಡಿದುಕೊಳ್ಳುತ್ತಿದ್ದರು. ನನ್ನದೂ ಒಂದು ಕಪ್ಪು ಬಿಳುಪು ಫೋಟೊ ಇದೆ, ಬೋರಲು ಬೀಳಲು ಕಲಿತ ಮೇಲೆ ತೆಗೆಸಿದ್ದು. ಮೇಜಿನ ಅಂಚಿನಲ್ಲಿ ಸ್ವಲ್ಪ ಸೀರೆಯ ಸೆರಗು ಕಾಣುತ್ತದೆ. ನಮ್ಮಮ್ಮ ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ನನ್ನ ಲಂಗ ಹಿಡಿದುಕೊಂಡಿದ್ದಳಂತೆ. ಆಗ ಸೆರಗು ಅಳಿಸಲು ಬರುತ್ತಿರಲಿಲ್ಲ, ಒಳ್ಳೆಯದೇ ಆಯಿತು.

ಹೂವಿನ ಕುಂಡದೊಳಗೆ, ಎಲೆಕೋಸಿನ ನಡುವೆ ಮಕ್ಕಳನ್ನು ಮಲಗಿಸಿದ ಚಿತ್ರಗಳನ್ನು ನೀವೂ ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಆ್ಯನ್ ಗೆಡ್ಸ್ ಎಂಬಾಕೆಯವು. 1996ರಲ್ಲಿ ಬಂದ ಆಕೆಯ 'ಡೌನ್ ಇನ್ ದ ಗಾರ್ಡನ್' ಪುಸ್ತಕ ಜಗತ್ತೆಲ್ಲ ಮಾರಾಟವಾಯಿತು. ಈಗಿನ ಬುಟ್ಟಿ, ಟೋಪಿಗಳೆಲ್ಲ ಒಂದು ರೀತಿ ಅದರ ಮರಿಮಕ್ಕಳು.

ಸರಿ, ಅವತ್ತಿನ ಕಥೆಗೆ ಬರುತ್ತೇನೆ. ಎರಡನೇ ಸೆಟ್ಟು, ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದರು. ಫೋಟೊಗ್ರಾಫರ್ ಹುಡುಗಿ ಕ್ಯಾಮೆರಾದ ಪರದೆ ನೋಡುತ್ತಾ ಬಹಳ ಸಹಜವಾಗಿ ಹೇಳಿದಳು: "ಪಾಪು ಸ್ವಲ್ಪ ಯೆಲ್ಲೋ ಇದೆ ಆಂಟಿ, ಪರ್ವಾಗಿಲ್ಲ, ಎಡಿಟಿಂಗಲ್ಲಿ ತೆಗೆದುಬಿಡ್ತೀವಿ." ಜೊತೆಗೆ ಇನ್ನೊಂದು ಮಾತು: "ತುಂಬಾ ಒಳ್ಳೆ ಬೇಬಿ. ಎಷ್ಟು ಅಲುಗಾಡಿಸಿದ್ರೂ ಏಳ್ತಾನೇ ಇಲ್ಲ!"

ನಾವು ನಕ್ಕೆವು. ಬಾಣಂತಿಗೂ ಸಮಾಧಾನ. ಅಕ್ಕ ಮಾತ್ರ ನಗಲಿಲ್ಲ. ಎದ್ದು ಹೋಗಿ ಮಗುವನ್ನು ಎತ್ತಿಕೊಂಡು ಕಿಟಕಿಯ ಪರದೆ ಸರಿಸಿದಳು. ಮೂಗಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು, ಅಂಗಾಲು ನೋಡಿದಳು. ಅರಿಶಿನ ಸವರಿದ ಹಾಗಿತ್ತು. "ಇದು ಬೆಳಗ್ಗೆಯಿಂದ ಎಷ್ಟು ಸಲ ಒದ್ದೆ ಮಾಡಿದೆ?" ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ನೆನಪು ಮಾಡಿಕೊಂಡರೆ, ಒಂದೇ ಸಲ. ಹಾಲು ಕುಡಿದು ಮೂರೂವರೆ ಗಂಟೆ ಆಗಿತ್ತು. ಮಗು ಎದ್ದರೆ ಪೋಸು ಕೆಡುತ್ತದೆ ಅಂತ ಯಾರೂ ಎಬ್ಬಿಸಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದರೆ "ಈಗಲೇ ಕರ್ಕೊಂಡ್ ಬನ್ನಿ" ಅಂದರು. ಕರಡಿ ಟೋಪಿ ತೆಗೆದಿಟ್ಟು ಸೀದಾ ಆಸ್ಪತ್ರೆಗೆ. ರಕ್ತ ಪರೀಕ್ಷೆಯಲ್ಲಿ ಕಾಮಾಲೆಯ ಅಂಶ ಹೆಚ್ಚಿತ್ತು, ತೂಕವೂ ಇಳಿದಿತ್ತು. ಹಾಲು ಸಾಲದೆ ಮಗು ಸೋತಿದೆ, ಸೋತಿದ್ದರಿಂದ ಎದ್ದು ಹಾಲು ಕುಡಿಯುತ್ತಿಲ್ಲ ಅಂದರು. ನಾವು 'ಒಳ್ಳೆ ಮಗು' ಅಂದುಕೊಂಡಿದ್ದ ನಿದ್ದೆ ಅದು. ಎರಡು ರಾತ್ರಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೀಲಿ ಬೆಳಕಿನ ಕೆಳಗೆ ಮಲಗಿತು. ಮೂರನೇ ದಿನ ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿ ನಾವೆಲ್ಲ ಎಷ್ಟು ಖುಷಿಪಟ್ಟೆವು ಅಂತ ಹೇಳಲಾರೆ.

ಹೆದರಿಸುವ ಉದ್ದೇಶ ನನಗಿಲ್ಲ. ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಅರವತ್ತಕ್ಕೆ ಮೈ ಹಳದಿಯಾಗುತ್ತದೆ, ಹೆಚ್ಚಿನವಕ್ಕೆ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಹಳದಿ ಕಾಲಿನವರೆಗೆ ಇಳಿದಿದ್ದರೆ, ಮಗು ಮಂಕಾಗಿದ್ದರೆ, ಹಾಲಿಗೆ ಏಳದಿದ್ದರೆ ಕಾಯಬಾರದು. ವಿಪರೀತ ಹೆಚ್ಚಾದರೆ ಮಿದುಳಿಗೇ ಪೆಟ್ಟು. ಬೆಳಗಿನ ಎಳೆಬಿಸಿಲಿಗೆ ಹಿಡಿದರೆ ಸಾಕು ಅಂತ ನಮ್ಮಲ್ಲಿ ಹೇಳುವುದುಂಟು, ಅದು ಆಸ್ಪತ್ರೆಯ ಬೆಳಕಿನ ಚಿಕಿತ್ಸೆಗೆ ಸಮವಲ್ಲ. ಐದು ದಿನ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಒದ್ದೆ ಮಾಡಬೇಕು, ಈ ಲೆಕ್ಕ ಇಟ್ಟುಕೊಳ್ಳಿ. ಇವತ್ತಿನ ಡೈಪರುಗಳು ಎಷ್ಟು ಹೀರಿಕೊಳ್ಳುತ್ತವೆ ಅಂದರೆ ಈ ಲೆಕ್ಕವೇ ತಪ್ಪಿಹೋಗುತ್ತದೆ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಡಾಕ್ಟರಲ್ಲ. ಮಗುವನ್ನು ಮುಟ್ಟುವ ಮುಂಚೆ ಪ್ರತಿ ಸಲವೂ ಕೈ ತೊಳೆದಳು, ಬೆರಳಿಗೆ ಉಂಗುರ ಹಾಕಿರಲಿಲ್ಲ, ಕಾಲು ನೀಲಿಗಟ್ಟಿದ ಕೂಡಲೇ ಪೋಸು ಬಿಡಿಸಿದಳು. ಇಷ್ಟು ಮಾಡುವವರು ಸಿಕ್ಕರೆ ಅದೃಷ್ಟ, ಯಾಕೆಂದರೆ ನಮ್ಮಲ್ಲಿ ಕ್ಯಾಮೆರಾ ಇರುವ ಯಾರು ಬೇಕಾದರೂ ನಾಳೆ ಬೋರ್ಡು ಹಾಕಬಹುದು. ನನ್ನ ತಕರಾರು ನಮ್ಮ ಮೇಲೇ. ಮಗುವಿನ ಅಜ್ಜಿ, ಅಪ್ಪ, ಅಮ್ಮ, ಚಿಕ್ಕಜ್ಜಿ ಇಷ್ಟು ಜನ ಕೋಣೆಯಲ್ಲಿ ಇದ್ದೆವು. ಎಲ್ಲರೂ ನೋಡುತ್ತಿದ್ದುದು ಕ್ಯಾಮೆರಾದ ಪರದೆಯನ್ನು. ಮನೆಯಲ್ಲೇ ಇದ್ದಿದ್ದರೆ ಅಷ್ಟು ಹೊತ್ತಿನಲ್ಲಿ ಎರಡು ಸಲ ಹಾಲು, ಮೂರು ಸಲ ಬಟ್ಟೆ ಬದಲಾವಣೆ ಆಗಿರುತ್ತಿತ್ತು, ಹಳದಿಯೂ ಕಣ್ಣಿಗೆ ಬೀಳುತ್ತಿತ್ತೇನೋ.

ಬಾಣಂತಿಯ ಪಾಡನ್ನಂತೂ ಕೇಳಬೇಡಿ. ಹೊಲಿಗೆ ಎಳೆಯುತ್ತದೆ ಅಂತ ಒಂದು ಕಡೆಗೆ ವಾಲಿ ಕುಳಿತಿದ್ದಳು. ಎದೆಹಾಲು ಸೋರಿ ರವಿಕೆ ಒದ್ದೆ. ಆ ಸ್ಥಿತಿಯಲ್ಲಿ 'ಮಾಮ್ ಶಾಟ್' ಅಂತ ಲಿಪ್‌ಸ್ಟಿಕ್ ಹಚ್ಚಿ, ಉದ್ದ ಗೌನು ಹಾಕಿ ನಿಲ್ಲಿಸಿದರು. ನಿಂತಳು, ನಕ್ಕಳು, ಬಾತ್‌ರೂಮಿಗೆ ಹೋಗಿ ಅತ್ತಳು. "ದುಡ್ಡು ಕೊಟ್ಟಾಗಿದೆ ಚಿಕ್ಕಮ್ಮ" ಅಂದಳು ನನಗೆ. ನಡುವೆ ಸಹಾಯಕಿ "ಒಂದು ಬಾಟಲಿ ಪುಡಿಹಾಲು ಕೊಟ್ಬಿಡಿ ಅಕ್ಕ, ಚೆನ್ನಾಗಿ ನಿದ್ದೆ ಬರುತ್ತೆ" ಅಂತಲೂ ಅಂದಿದ್ದಳು. ಹಾಲು ಇಳಿಯಲು ಇನ್ನೂ ಪರದಾಡುತ್ತಿರುವ ತಾಯಿಗೆ ಈ ಸಲಹೆ ಕೊಡಬಾರದು. ಮಗುವಿಗೆ ಮೇಲುಹಾಲು ಬೇಕೋ ಬೇಡವೋ ಹೇಳಬೇಕಾದವರು ಡಾಕ್ಟರು. ಫೋಟೊಗೆ ನಿದ್ದೆ ಬರಲಿ ಅಂತ ಕೊಡುವ ಬಾಟಲಿಯನ್ನು ನಾನಂತೂ ಒಪ್ಪಲಾರೆ.

ಹಾಗಾದರೆ ಫೋಟೊನೇ ಬೇಡವಾ ಅಂತ ನೀವು ಕೇಳುತ್ತೀರಿ. ಬೇಕು ರೀ. ಆ ಮುಷ್ಟಿ, ಆ ಸುಕ್ಕು ಪಾದ, ಹಣೆಯ ಮೇಲಿನ ಆ ರೋಮ, ತಿಂಗಳಲ್ಲಿ ಮಾಯ. ಆದರೆ ಮನೆಗೇ ಕರೆಸಿ. ಬೆಳಿಗ್ಗೆ ಹತ್ತರ ಹೊತ್ತಿನ ಕಿಟಕಿಯ ಬೆಳಕು ಸಾಕು, ಒಂದು ಗಂಟೆ ಸಾಕು. ಮಗುವನ್ನು ಡಾಕ್ಟರಿಗೆ ಒಮ್ಮೆ ತೋರಿಸಿ, ತೂಕ ನೋಡಿಸಿ, ಆಮೇಲೆ ದಿನ ಗೊತ್ತುಮಾಡಿ. ಬರುವವರಿಗೆ ಕೆಮ್ಮು ನೆಗಡಿ ಇದ್ದರೆ ಮುಂದಕ್ಕೆ ಹಾಕಿ, ನಾಯಿಕೆಮ್ಮಿನ ಮೊದಲ ಲಸಿಕೆ ಮಗುವಿಗೆ ಸಿಗುವುದೇ ಆರನೇ ವಾರಕ್ಕೆ. ಹಾಲಿಗೆ ಅತ್ತರೆ ಶೂಟಿಂಗ್ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿ. ಇನ್ನೊಂದು, ಅವರು ಸಹಿ ಹಾಕಿಸುವ ಕಾಗದವನ್ನು ಓದಿ. ನಿಮ್ಮ ಮಗುವಿನ ಮೈಮೇಲೆ ಬಟ್ಟೆಯಿಲ್ಲದ ಫೋಟೊಗಳನ್ನು ತಮ್ಮ ಜಾಹೀರಾತಿಗೆ ಬಳಸಿಕೊಳ್ಳುತ್ತೇವೆ ಅಂತ ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರಬಹುದು. ನಮ್ಮದರಲ್ಲಿ ಇತ್ತು. ಗೆರೆ ಎಳೆದು ಹೊಡೆದುಹಾಕಿದೆವು, ಅವರು ಬೇಡ ಅನ್ನಲಿಲ್ಲ.

ಅಂದ ಹಾಗೆ, ಆ ಹುಡುಗಿ ಸುದ್ದಿ ಕೇಳಿ ಬಹಳ ನೊಂದುಕೊಂಡಳು. ತಿಂಗಳು ತುಂಬಿದ ಮೇಲೆ ಮನೆಗೇ ಬಂದು, ಅಕ್ಕನ ಹಳೇ ಕಾಟನ್ ಸೀರೆ ಹಾಸಿ, ದುಡ್ಡು ತೆಗೆದುಕೊಳ್ಳದೆ ಇನ್ನಷ್ಟು ಫೋಟೊ ತೆಗೆದಳು. ಮಗು ಕಣ್ಣು ಬಿಟ್ಟುಕೊಂಡೇ ಇತ್ತು, ಒಂದೂ ಪೋಸು ಬರಲಿಲ್ಲ. ಒಂದರಲ್ಲಿ ಅದು ಅಮ್ಮನ ಬೆರಳು ಹಿಡಿದುಕೊಂಡು ಆಕಳಿಸುತ್ತಿದೆ, ಅಕ್ಕ ಅದನ್ನೇ ಫ್ರೇಮ್ ಹಾಕಿಸಿದ್ದಾಳೆ.

ಸ್ಟುಡಿಯೊದ ಹಳೇ ಫೋಟೊಗಳೂ ಮೊನ್ನೆ ಬಂದವು, ಗ್ರೂಪಿನಲ್ಲಿ ಹಾಕಿದ್ದು ಅದೇ. ಹಳದಿ ಸುಳಿವಿಲ್ಲ, ಗುಲಾಬಿ ಬಣ್ಣದ ಮಗು. ಅದರ ಜೊತೆಗೆ ಅಕ್ಕ ಅವತ್ತು ಕೆನ್ನೆಗೆ ಇಟ್ಟಿದ್ದ ದೃಷ್ಟಿಬೊಟ್ಟನ್ನೂ ಕಲೆ ಅಂತ ಅಳಿಸಿಬಿಟ್ಟಿದ್ದಾರೆ! "ಹಳದಿ ತೆಗೆದಿದ್ದೀರಿ, ಕೈ ತೆಗೆದಿದ್ದೀರಿ, ನನ್ನ ಬೊಟ್ಟು ವಾಪಸ್ ಇಡಿ" ಅಂತ ಅಕ್ಕ ಫೋನಿನಲ್ಲಿ ಹಟ ಹಿಡಿದಳು. ನಾಲ್ಕು ದಿನ ಬಿಟ್ಟು ಕಳಿಸಿದರು. ಬೊಟ್ಟು ಬಂದಿದೆ, ಆದರೆ ಇನ್ನೊಂದು ಕೆನ್ನೆಗೆ.