ಹೊಲ ಮಾರುವ ಮುನ್ನ ಗಂಟೆ ಲೆಕ್ಕ ಹಾಕಿ

ಓಮಲೂರಿನ ಹತ್ತಿರದ ಕಮಲಾಪುರದಲ್ಲಿ ಸೇಲಂ ವಿಮಾನ ನಿಲ್ದಾಣವಿದೆ. 2022ರಲ್ಲಿ ಹುಬ್ಬಳ್ಳಿ, ಕಡಪಗಳ ಜೊತೆ ಇದನ್ನೂ ಹಾರಾಟ ತರಬೇತಿ ಶಾಲೆಗೆ ಆರಿಸಿದರು. ಅಲ್ಲಿಯತನಕ ನಮ್ಮ ಕಡೆಯವರಿಗೆ ವಿಮಾನ ಕಲಿಯೋದು ಅಂದರೆ ಬೆಂಗಳೂರಿನ ಜಕ್ಕೂರು. ಧರ್ಮಪುರಿ, ಹೊಸೂರು ಕಡೆಯ ರೈತರ ಮಕ್ಕಳು, ಸೇಲಂನ ನೇಕಾರರ ಮಕ್ಕಳು ಈಗ "ನಾನೂ ಪೈಲಟ್ ಆಗ್ತೀನಪ್ಪಾ" ಅಂದರೆ ಅದು ಹುಡುಗಾಟದ ಮಾತಲ್ಲ.

ಆದರೆ ದುಡ್ಡು? ವಿಮಾನ ಓಡಿಸಿ ಸಂಬಳ ಪಡೆಯುವ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಖರ್ಚು ನಲವತ್ತು-ಐವತ್ತು ಲಕ್ಷದ ಆಸುಪಾಸು. ಆಮೇಲೆ ದೊಡ್ಡ ವಿಮಾನದ ತರಬೇತಿಗೆ ಬೇರೆ ಖರ್ಚು. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಧಾರ ಕೇಳುತ್ತದೆ. ಕೃಷಿ ಜಮೀನು ತೋರಿಸಿದರೆ ಮೂಗು ಮುರಿಯುತ್ತದೆ. ಕೊನೆಗೆ ಉಳಿಯೋದು ಮಾರಾಟ. ಇದೇ ನಿಲ್ದಾಣದ ವಿಸ್ತರಣೆಗೆ 2018ರಲ್ಲಿ 570 ಎಕರೆ ಕೇಳಿದಾಗ ಸುತ್ತಲಿನ ರೈತರು ಬೀದಿಗಿಳಿದಿದ್ದರು. ಸರ್ಕಾರಕ್ಕೆ ಕೊಡೆವು ಅಂದ ಮಣ್ಣನ್ನು ಫೀಸಿಗಾಗಿ ತಾವೇ ಮಾರುವುದಾದರೆ ಲೆಕ್ಕ ಗಟ್ಟಿ ಇರಬೇಕು.

ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ, ಫೀಸು ಆಮೇಲೆ. ಕಣ್ಣು, ಕಿವಿ, ಹೃದಯದಲ್ಲಿ ತೊಡಕಿದ್ದರೆ ಅಲ್ಲೇ ತಿಳಿಯುತ್ತದೆ. ಇಂಗ್ಲಿಷೂ ಬೇಕು, ರೇಡಿಯೋದಲ್ಲಿ ತಡವರಿಸದೆ ಮಾತಾಡಬೇಕು. ಮನೇಲಿ ಕನ್ನಡ, ಸಂತೇಲಿ ತೆಲುಗು, ತಾಲ್ಲೂಕು ಕಚೇರೀಲಿ ತಮಿಳು ಆಡುವ ನಮ್ಮ ಹುಡುಗರಿಗೆ ನಾಲ್ಕನೇ ಭಾಷೆ ಅಷ್ಟೇನೂ ಕಷ್ಟವಲ್ಲ, ಹೈಸ್ಕೂಲಿನಲ್ಲೇ ಶುರುಮಾಡಿದರೆ.

ಯಾವ ಶಾಲೆಗೇ ಹೋಗಿ, ಕಟ್ಟಡ ನೋಡಿ ಮರುಳಾಗಬೇಡಿ. ಎಷ್ಟು ವಿಮಾನ ಹಾರುವ ಸ್ಥಿತೀಲಿವೆ? ಒಂದು ವಿಮಾನಕ್ಕೆ ಎಷ್ಟು ಹುಡುಗರು? ಹೋದ ವರ್ಷ ಸೇರಿದವರು ಎಷ್ಟು ಗಂಟೆ ಹಾರಿದ್ದಾರೆ? ಕೇಳಿ. ವಿಮಾನ ರಿಪೇರಿಗೆ ನಿಂತರೂ, ಕಲಿಸುವವರು ಬಿಟ್ಟುಹೋದರೂ, ಮಳೆ-ಮೋಡ ಕವಿದರೂ ಹಾರಾಟ ನಿಲ್ಲುತ್ತದೆ. ಹಾಸ್ಟೆಲ್ ಬಾಡಿಗೆ, ಸಾಲದ ಬಡ್ಡಿ ನಿಲ್ಲೋದಿಲ್ಲ. 2025ರಿಂದ ಡಿಜಿಸಿಎ ಈ ಶಾಲೆಗಳಿಗೆ ದರ್ಜೆ ಕೊಡುತ್ತಿದೆ. 200 ಗಂಟೆ ಮುಗಿಸಲು ಹಿಡಿದ ಕಾಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಮೊದಲ ಪಟ್ಟಿಯಲ್ಲಿ ಅತಿ ಮೇಲಿನ ದರ್ಜೆ ಒಂದು ಶಾಲೆಗೂ ಸಿಗಲಿಲ್ಲ ಅನ್ನೋದು ನೆನಪಿರಲಿ.

ಶಾಲೆಗಳು ಪೂರ್ತಿ ಹಣ ಮುಂಗಡ ಕೇಳುವುದನ್ನು ಬಿಡಲಿ. ಹಾರಿದ ಗಂಟೆಗೆ ತಕ್ಕಂತೆ ಕಂತು ಕಟ್ಟಿಸಿಕೊಳ್ಳಲಿ. ನಡುವೆ ಬಿಟ್ಟರೆ ವಾಪಸ್ ಎಷ್ಟು ಅನ್ನುವುದನ್ನು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬರೆದು, ರುಜು ಹಾಕಿ ತಂದೆಯ ಕೈಗೆ ಕೊಡಲಿ.